ಆಲೆಮನೆ ಅಳತೆ ತೆಗೆದ ಹುಡುಗಿ: ಒಂದು ಆರ್ಕಿಟೆಕ್ಚರ್ ಅಡ್ಮಿಷನ್ನಿನ ಪೂರ್ತಿ ಪ್ರಕರಣ

ಪಿಯುಸಿ ಪರೀಕ್ಷೆ ಹತ್ರ ಬಂತು ಅಂದ್ರೆ ಮೈಸೂರಲ್ಲಿರೋ ನಮ್ಮ ಚಿಕ್ಕ ಆರ್ಕಿಟೆಕ್ಟ್ ಆಫೀಸಿಗೆ ಮನೆ ಪ್ಲಾನ್ ಕೇಳೋರ ಜೊತೆಗೆ ಮಕ್ಕಳನ್ನ ಕರ್ಕೊಂಡು ಬರೋ ಅಪ್ಪ ಅಮ್ಮಂದಿರೂ ಶುರುವಾಗ್ತಾರೆ. "ಇವನಿಗೆ ಆರ್ಕಿಟೆಕ್ಚರ್ ಅಂದ್ರೆ ಪ್ಯಾಶನ್ ಸರ್, ಸ್ವಲ್ಪ ಗೈಡ್ ಮಾಡಿ." ಪ್ಯಾಶನ್ ಇರೋ ಮಗು ಪಕ್ಕದಲ್ಲೇ ಕೂತು ಮೊಬೈಲ್ ನೋಡ್ತಿರುತ್ತೆ. ಎಲ್ರೂ ಹಾಗೇ ಅಂತ ಅಲ್ಲ, ಆದ್ರೆ ಮಾತು ಕೇಳಿ, ಡ್ರಾಯಿಂಗ್ ಬುಕ್ ತಿರುವಿ ಹಾಕಿ ಯಾರಿಗೆ ನಿಜವಾಗ್ಲೂ ಆಸಕ್ತಿ ಇದೆ ಅಂತ ಹೇಳೋದು ಕಷ್ಟ ಅನ್ನೋದು ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿರೋದು. ಈ ಒಂದು ಪ್ರಕರಣದಲ್ಲಿ ಅದು ಹೇಗೆ ಗೊತ್ತಾಯ್ತು, ಮನೆಯವರು ಯಾಕೆ ಒಪ್ಪಲಿಲ್ಲ, ಆಮೇಲೆ ಯಾಕೆ ಒಪ್ಪಿದ್ರು ಅಂತ ಪೂರ್ತಿ ಬರೀತಿದೀನಿ. ಹುಡುಗಿ ಮನೆಯವರನ್ನ ಕೇಳಿಯೇ ಬರೀತಿರೋದು, ಹೆಸರು ಊರು ಬಿಟ್ಟಿದೀನಿ.

ಪಾಂಡವಪುರ ಕಡೆಯ ಹಳ್ಳಿ. ಅಪ್ಪನಿಗೆ ಸ್ವಲ್ಪ ಜಮೀನು, ಒಂದು ಆಲೆಮನೆ. ಕಬ್ಬು ಅರ್ಧ ಫ್ಯಾಕ್ಟರಿಗೆ, ಅರ್ಧ ಗಾಣಕ್ಕೆ, ಬೆಲ್ಲ ಮಂಡ್ಯ ಎಪಿಎಂಸಿಗೆ ಹೋಗುತ್ತೆ. ಹುಡುಗಿ ಹತ್ತನೇ ಕ್ಲಾಸ್ ತನಕ ಊರಿನ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಆಮೇಲೆ ಪಿಯುಸಿ ಸೈನ್ಸ್. 2024ರ ಬೇಸಿಗೇಲಿ ಫಸ್ಟ್ ಪಿಯು ಮುಗ್ಸಿ ಬಂದಿದ್ದು, ಜೊತೇಲಿ ಅವಳ ಸೋದರಮಾವ. ಮಾವ ಬೆಂಗಳೂರಲ್ಲಿ ಕೆಲಸ ಮಾಡೋರು, ಅವರು ಬಂದಿದ್ದೇ ನನ್ನ ಬಾಯಲ್ಲಿ "ಬೇಡಮ್ಮ, ಕಂಪ್ಯೂಟರ್ ಸೈನ್ಸ್ ತಗೊ" ಅಂತ ಹೇಳಿಸೋಕೆ ಅಂತ ಐದು ನಿಮಿಷದಲ್ಲೇ ಗೊತ್ತಾಯ್ತು.

ಹುಡುಗಿ ಡ್ರಾಯಿಂಗ್ ಬುಕ್ ತಂದಿದ್ಳು. ನವಿಲು, ಗಣಪತಿ, ಯಾವ್ದೋ ಹೀರೋ ಮುಖ, ಕೊನೇಲಿ ಮೈಸೂರು ಅರಮನೆ. ಶೇಡಿಂಗ್ ಎಲ್ಲಾ ನೀಟಾಗಿತ್ತು. ಫೋಟೋ ನೋಡಿ ಬರ್ದಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ ಯಾಕಂದ್ರೆ ಎಲ್ರೂ ಬರೆಯೋದು ಮುಂದಿನ ಅದೇ ಒಂದು ನೋಟ. "ಅರಮನೆ ಒಳಗೆ ಹೋಗಿದೀಯಾ" ಅಂದೆ, ಸ್ಕೂಲ್ ಟ್ರಿಪ್ಪಲ್ಲಿ ಹೋಗಿದ್ದೆ ಅಂದ್ಳು. "ಕಲ್ಯಾಣ ಮಂಟಪದ ಕಂಬ ಯಾವ್ದರಲ್ಲಿ ಮಾಡಿರೋದು?" ಗೊತ್ತಿಲ್ಲ. ಗೊತ್ತಿಲ್ದೇ ಇರೋದೇನೂ ದೊಡ್ಡ ವಿಷಯ ಅಲ್ಲ, ಮೈಸೂರಲ್ಲೇ ಹುಟ್ಟಿ ಬೆಳ್ದೋರಿಗೂ ಗೊತ್ತಿರಲ್ಲ. ಅದು ಎರಕದ ಕಬ್ಬಿಣ, ಗ್ಲಾಸ್ಗೋದಿಂದ ಬಂದಿದ್ದು. ಹಳೇ ಅರಮನೆ ಮರದ್ದಾಗಿತ್ತು, 1897ರಲ್ಲಿ ರಾಜಕುಮಾರಿ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹೋಯ್ತು, ಆಮೇಲೆ ಹೆನ್ರಿ ಇರ್ವಿನ್ ಡಿಸೈನ್ ಮಾಡಿದ ಈಗಿನ ಅರಮನೆ 1912ರಲ್ಲಿ ಮುಗೀತು, ಮರ ಸುಟ್ಟು ಹೋಗಿದ್ದನ್ನ ನೋಡಿದ ಮೇಲೆ ಕಲ್ಲು ಇಟ್ಟಿಗೆ ಕಬ್ಬಿಣ ಅಂತ ಹೋಗಿದ್ರಲ್ಲಿ ಆಶ್ಚರ್ಯ ಏನಿಲ್ಲ. ಇದನ್ನ ಹೇಳ್ತಾ ಇದ್ರೆ ಮಾವ ವಾಚ್ ನೋಡ್ತಿದ್ರು, ಹುಡುಗಿ ಮಾತ್ರ "ಹಾಗಾದ್ರೆ ಮೇಲಿನ ಬಣ್ಣದ ಗಾಜಿನ ಭಾರ ಆ ಕಂಬದ ಮೇಲೇನಾ ಸರ್" ಅಂದ್ಳು. ಪ್ರಶ್ನೆ ಚೆನ್ನಾಗಿತ್ತು, ಆದ್ರೆ ಒಂದು ಪ್ರಶ್ನೆ ಇಟ್ಕೊಂಡು ಐದು ವರ್ಷದ ಕೋರ್ಸಿಗೆ ಹೋಗು ಅನ್ನೋಕಾಗಲ್ಲ.

ಜೊತೆಗೆ ಒಂದು ಪುಟ ಬರ್ಕೊಂಡೂ ಬಂದಿದ್ಳು. ಕೆಲವು ಕಾಲೇಜಲ್ಲಿ ಸೇರೋ ಮುಂಚೆ ಯಾಕೆ ಆರ್ಕಿಟೆಕ್ಚರ್ ಅಂತ ಬರ್ಸ್ತಾರೆ ಅಂತ ಯಾರೋ ಹೇಳಿದ್ರಂತೆ. ಚಿಕ್ಕ ವಯಸ್ಸಿಂದ ಕಟ್ಟಡ ಅಂದ್ರೆ ಪ್ರಾಣ, ಬಿಲ್ಡಿಂಗ್ ಬ್ಲಾಕ್ಸ್ ಜೋಡಿಸಿ ಆಡ್ತಿದ್ದೆ, ಸಮಾಜಕ್ಕೆ ಸುಸ್ಥಿರ ಕಟ್ಟಡ ಕೊಡೋದೇ ನನ್ನ ಕನಸು, ಹೀಗೇ ಹೋಗುತ್ತೆ.

"ನಿಮ್ಮನೇಲಿ ಬ್ಲಾಕ್ಸ್ ಇತ್ತೇನಮ್ಮ?"

"ಇಲ್ಲ ಸರ್. ನೆಟ್ಟಲ್ಲಿ ಹಾಗಿತ್ತು."

ಮತ್ತೆ ನೀನು ಏನಲ್ಲಿ ಆಡ್ತಿದ್ದೆ ಅಂದ್ರೆ ಬೆಲ್ಲದ ಅಚ್ಚಲ್ಲಿ ಮಣ್ಣು ತುಂಬಿ ಗೋಡೆ ಕಟ್ತಿದ್ದೆ ಅಂದ್ಳು, ಅದನ್ನ ಯಾಕೆ ಬರೀಲಿಲ್ಲ ಅಂದ್ರೆ ನಾಚ್ಕೊಂಡು ಸುಮ್ನಾದ್ಳು. ಕನ್ನಡ ಮೀಡಿಯಂ ಮಕ್ಕಳಲ್ಲಿ ಇದನ್ನ ತುಂಬಾ ನೋಡ್ತೀನಿ, ತಮ್ಮ ಮನೆ ವಿಷಯ ಬರೆಯೋಕೆ ಲಾಯಕ್ಕಿಲ್ಲ ಅಂತ ಅವರೇ ತೀರ್ಮಾನ ಮಾಡ್ಬಿಟ್ಟಿರ್ತಾರೆ.

ಅವತ್ತು ನಾನು ಹೂಂ ಅಂತಲೂ ಹೇಳಲಿಲ್ಲ, ಊಹೂಂ ಅಂತಲೂ ಹೇಳಲಿಲ್ಲ. ಒಂದು ಕೆಲಸ ಕೊಟ್ಟೆ. ನೀನು ದಿನಾ ಓಡಾಡೋ ಒಂದು ಜಾಗ ತಗೊ, ದೇವಸ್ಥಾನ ಅರಮನೆ ಅಲ್ಲ, ಟೇಪ್ ಹಿಡ್ಕೊಂಡು ಅಳತೆ ತಗೊಂಡು ಪ್ಲಾನ್ ಮತ್ತೆ ಸೆಕ್ಷನ್ ಬರ್ಕೊಂಡು ಬಾ. ಅಂದವಾಗಿ ಇರ್ಬೇಕಿಲ್ಲ, ಅಳತೆ ಸರಿ ಇರ್ಬೇಕು, ಅಲ್ಲಿ ಯಾರು ಎಲ್ಲಿ ನಿಂತು ಏನು ಮಾಡ್ತಾರೆ ಅಂತ ಕಾಣಿಸ್ಬೇಕು. ಸೆಕ್ಷನ್ ಅಂದ್ರೇನು ಅಂತ ಗೊತ್ತಿರ್ಲಿಲ್ಲ, ಕುಂಬಳಕಾಯಿನ ನಡು ಮಧ್ಯ ಹೋಳು ಮಾಡಿದ್ರೆ ಒಳಗಿನ ತಿರುಳು ಬೀಜ ಎಲ್ಲಾ ಹೇಗೆ ಕಾಣುತ್ತೋ ಹಾಗೆ ಕಟ್ಟಡನ ಮೇಲಿಂದ ಕೆಳಗೆ ಕುಯ್ದು ನೋಡೋದು ಅಂತ ಹೇಳ್ದೆ, ಅಷ್ಟೇ. ಇದನ್ನ ಬರೋ ಎಲ್ಲಾ ಮಕ್ಕಳಿಗೂ ಕೊಡ್ತೀನಿ. ಮುಕ್ಕಾಲು ಪಾಲು ಜನ ವಾಪಸ್ ಬರೋದೇ ಇಲ್ಲ, ಅದೂ ಒಂದು ಉತ್ತರವೇ.

ಇವಳು ಬಂದ್ಳು. ನಾಲ್ಕು ಚಾರ್ಟ್ ಶೀಟು ಸುತ್ಕೊಂಡು, ಬಸ್ಸಲ್ಲಿ ಮುದುರಿ ಹೋಗಿತ್ತು. ಅಳತೆ ತೆಗೆದಿದ್ದು ಅವರದೇ ಆಲೆಮನೆ.

ಮೊದಲನೇ ಶೀಟು ಪ್ಲಾನು, ಅದರಲ್ಲಿ ಅಂಥಾದ್ದೇನಿಲ್ಲ, ಗಾಣ ಇಲ್ಲಿ, ಕೊಪ್ಪರಿಗೆ ಇಲ್ಲಿ, ಅಚ್ಚು ಹಾಕೋ ಜಾಗ ಇಲ್ಲಿ, ಆಚೆ ಕಡೆ ರಚ್ಚು, ಅಂದ್ರೆ ಹಿಂಡಿದ ಕಬ್ಬಿನ ಸಿಪ್ಪೆ ಒಣಗಿಸೋ ಬಯಲು. ಎರಡನೇದು ಸೆಕ್ಷನ್ನು, ಅದನ್ನ ನಾನು ಎಷ್ಟು ಹೊತ್ತು ನೋಡಿದೆ ಅಂತ ಹೇಳೋಕಾಗಲ್ಲ. ಗಾಣದ ಕಡೆ ಮಾಡು ತಗ್ಗು, ಕೊಪ್ಪರಿಗೆ ಮೇಲೆ ಎತ್ತರ, ತುದೀಲಿ ಹಬೆ ಆಚೆ ಹೋಗ್ಲಿ ಅಂತ ಹೆಂಚು ಎತ್ತಿ ಬಿಟ್ಟಿರೋ ಸಂದು. ಒಲೆ ಬಾಯಿ ನೆಲಮಟ್ಟಕ್ಕಿಂತ ಕೆಳಗೆ, ಅಲ್ಲಿ ಒಂದು ಗುಂಡಿ, ಗುಂಡೀಲಿ ಕೂತು ರಚ್ಚು ತುರುಕೋ ಆಳು. ಆಳಿನ ಮುಖ ಬರ್ದಿಲ್ಲ, ಬೆನ್ನು ಬಗ್ಗಿರೋದು ಮಾತ್ರ ಬರ್ದಿದಾಳೆ. ಅವನ ಪಕ್ಕ ಒಂದು ತಗಡು ಒರಗಿಸಿದೆ, ತಗಡಿಗೆ ಬಾಣದ ಗುರುತು ಹಾಕಿ ಪೆನ್ಸಿಲಲ್ಲಿ ಸಣ್ಣಕ್ಕೆ ಬರ್ದಿದ್ಳು, "ಆಷಾಢದಲ್ಲಿ ಇದನ್ನ ಪಡುವಲ ಕಡೆಗೆ ತಿರುಗಿಸ್ತಾರೆ, ಗಾಳಿಗೆ ಉರಿ ವಾಪಸ್ ಮುಖಕ್ಕೆ ಹೊಡಿಯುತ್ತೆ" ಅಂತ.

ಆ ತಗಡು ಕಟ್ಟಡದ ಭಾಗ ಅಲ್ಲ. ಯಾರೂ ಡಿಸೈನ್ ಮಾಡಿದ್ದಲ್ಲ. ಅಲ್ಲಿ ಕೆಲಸ ಮಾಡೋನು ತನ್ನ ಮುಖ ಉಳಿಸ್ಕೊಳೋಕೆ ಎಲ್ಲಿಂದಲೋ ತಂದು ಇಟ್ಕೊಂಡಿದ್ದು. ಅದನ್ನ ನೋಡಿ, ಯಾಕೆ ಇಲ್ಲಿದೆ ಅಂತ ಅವನನ್ನೇ ಕೇಳಿ, ಡ್ರಾಯಿಂಗಲ್ಲಿ ಸೇರಿಸ್ಬೇಕು ಅಂತ ಹದಿನಾರು ಹದಿನೇಳು ವರ್ಷದ ಹುಡುಗಿಗೆ ಅನ್ನಿಸ್ತಲ್ಲ, ನನ್ನ ಲೆಕ್ಕದಲ್ಲಿ ಅಡ್ಮಿಷನ್ ತೀರ್ಮಾನ ಆಗಿದ್ದು ಅಲ್ಲೇ. ನಾಟಾ ಅನ್ನೋ ಪ್ರವೇಶ ಪರೀಕ್ಷೆ, ಸೀಟು ಹಂಚೋ ಸಿಇಟಿ ಸೆಲ್ಲು, ಫೀಸು ಎಲ್ಲಾ ಅದಾದ ಮೇಲಿನ ಮಾತು.

ಇನ್ನೊಂದು ವಿಷಯ. ಚಿಮಣಿ ಎತ್ತರ 9 ಮೀಟರ್ ಅಂತ ಬರ್ದಿದ್ಳು, ಅಂದಾಜಿಗೆ ಹಾಕಿದ್ಯಾ ಅಂತ ಕೇಳಿದ್ರೆ ಇಲ್ಲ ಸರ್ ಅಂತ ಲೆಕ್ಕ ತೋರಿಸಿದ್ಳು. ಒಂದು ಮೀಟರ್ ಕೋಲು ನಿಲ್ಸಿದ್ರೆ ನೆರಳು 80 ಸೆಂಟಿಮೀಟರ್ ಬಂತು, ಅದೇ ಹೊತ್ತಿಗೆ ಚಿಮಣಿ ನೆರಳು 7.2 ಮೀಟರ್, ಭಾಗಿಸಿದ್ರೆ 9. ಹತ್ತನೇ ಕ್ಲಾಸಿನ ಸಮರೂಪ ತ್ರಿಭುಜ. ಪರೀಕ್ಷೆಗೆ ಉರು ಹೊಡ್ದಿದ್ದನ್ನ ಹೊಲದಲ್ಲಿ ಬಳಸೋ ಮಕ್ಕಳು ಎಷ್ಟು ಜನ ಸಿಗ್ತಾರೆ ಹೇಳಿ. ತಪ್ಪುಗಳೂ ಇದ್ವು, ಗೋಡೆ ದಪ್ಪ ಒಂದು ಕಡೆ ಒಂಬತ್ತು ಇಂಚು ಇನ್ನೊಂದು ಕಡೆ ಹದಿಮೂರೂವರೆ ಇದ್ರೆ ಎರಡನ್ನೂ ಒಂದೇ ಗೆರೇಲಿ ಎಳ್ದಿದ್ಳು, ಸ್ಕೇಲು ಮೂರನೇ ಶೀಟಲ್ಲಿ ಎಲ್ಲೋ ಕಳ್ದು ಹೋಗಿತ್ತು. ಅವೆಲ್ಲಾ ಮೊದಲ ವರ್ಷ ಸ್ಟುಡಿಯೋದಲ್ಲಿ, ಅಂದ್ರೆ ಕಾಲೇಜಿನ ಡಿಸೈನ್ ಕ್ಲಾಸಲ್ಲಿ ಬಯ್ಸ್ಕೊಂಡ್ರೆ ಸರಿ ಹೋಗುತ್ತೆ.

ಇಲ್ಲಿ ಒಂದು ಮಾತು ಹೇಳ್ಬೇಕು. ಚಿತ್ರ ಚೆನ್ನಾಗಿ ಬರೀತಾರೆ ಅನ್ನೋ ಒಂದೇ ಕಾರಣಕ್ಕೆ ಈ ಕೋರ್ಸಿಗೆ ಮಕ್ಕಳನ್ನ ಹಾಕೋದು ನನಗೆ ಸರಿ ಕಾಣಲ್ಲ. ಕೈ ಚಳಕ ಕಲೀಬಹುದು, ಕಲಿಸಬಹುದು. ಜನ ಒಂದು ಜಾಗದಲ್ಲಿ ಹೇಗೆ ಬದುಕ್ತಾರೆ ಅನ್ನೋದರ ಬಗ್ಗೆ ಕುತೂಹಲ ಇಲ್ದೇ ಇರೋನಿಗೆ ಅದನ್ನ ಎಲ್ಲಿಂದ ತಂದು ಹಾಕೋದು. ಅದ್ಭುತವಾಗಿ ಪೋರ್ಟ್ರೇಟ್ ಮಾಡ್ತಿದ್ದ ಒಬ್ಬ ಹುಡುಗ ಕೋರ್ಸ್ ಮಧ್ಯದಲ್ಲೇ ಬಿಟ್ಟು ಅನಿಮೇಷನ್ನಿಗೆ ಹೋದ, ಈಗ ಖುಷಿಯಾಗಿದಾನೆ, ಅವನಿಗೆ ಬೇಕಾಗಿದ್ದೂ ಅದೇ.

ಆ ವರ್ಷ ಪೂರ್ತಿ ಅವಳು ರಜಾ ಸಿಕ್ಕಾಗ ಬರ್ತಿದ್ಳು. ನಾನು ಪಾಠ ಅಂತ ಏನೂ ಮಾಡಲಿಲ್ಲ, ಜಾಗ ಹೇಳಿ ಕಳಿಸ್ತಿದ್ದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ, ಅವಳ ಊರಿಗೆ ಹತ್ರ, 1784ರದ್ದು, ತೇಗದ ಕಂಬ, ಸುತ್ತಲೂ ಅಗಲವಾದ ವರಾಂಡ. ಗೋಡೆ ತುಂಬಾ ಚಿತ್ರ ಇದೆ ಸರ್ ಅಂತ ಬಂದ್ಳು, ಚಿತ್ರ ಆಮೇಲೆ ನೋಡು, ಮಟಮಟ ಮಧ್ಯಾಹ್ನ ಒಳಗೆ ಯಾಕೆ ತಂಪು, ಆ ಹಸಿರು ಪರದೆಗಳು ಯಾಕೆ ಇಳಿಬಿಟ್ಟಿದಾರೆ ಅದನ್ನ ನೋಡ್ಕೊಂಡು ಬಾ ಅಂತ ಮತ್ತೆ ಕಳಿಸ್ದೆ. ಮೈಸೂರಲ್ಲಿ ಚಾಮರಾಜಪುರಂ ಕಡೆ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿ ಇರುತ್ತಲ್ಲ, ಕನ್ಸರ್ವೆನ್ಸಿ ಅಂತಾರೆ, ಅದು ಯಾಕೆ ಅಂತ ಹುಡುಕು ಅಂದೆ. ಆ ಕಾಲದಲ್ಲಿ ಪ್ಲೇಗ್ ಬಂದು ಊರು ಕಂಗಾಲಾಗಿದ್ದು, 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದಿದ್ದು, ಗಾಳಿ ಬೆಳಕು ಚರಂಡಿ ಅಂತ ರಸ್ತೆ ಅಗಲ ಮಾಡಿದ್ದು ಎಲ್ಲಾ ಓದ್ಕೊಂಡು ಬಂದು ನನಗೇ ಹೇಳಿದ್ಳು. ಈಗ ಆ ಗಲ್ಲಿಗಳಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಇಲ್ಲಾ ಕಸ ಹಾಕ್ತಾರೆ, ಅದೂ ಅವಳ ನೋಟ್‌ಬುಕ್ಕಲ್ಲಿತ್ತು.

ಮೈಸೂರಿನ ಹಳೇ ದೇವರಾಜ ಮಾರ್ಕೆಟ್ಟಿಗೆ ಮಾತ್ರ ಅವಳೇ ಹೋದ್ಳು, ನಾನು ಹೇಳಿರ್ಲಿಲ್ಲ. ಅದರ ಹತ್ರದ ಹಳೇ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ 2012ರಲ್ಲಿ ಬಿದ್ದು ಜನ ಸತ್ತಿದ್ದು, ಮಾರ್ಕೆಟ್ ಒಂದು ಭಾಗ 2016ರಲ್ಲಿ ಕುಸಿದಿದ್ದು, ಆಮೇಲೆ ಕೆಡವಿ ಕಟ್ಟಬೇಕಾ ರಿಪೇರಿ ಮಾಡ್ಬೇಕಾ ಅಂತ ಕೋರ್ಟ್ ತನಕ ಹೋಗಿದ್ದು ಮೈಸೂರಿನವರಿಗೆಲ್ಲಾ ಗೊತ್ತು. ನಿನ್ನ ಅಭಿಪ್ರಾಯ ಏನು ಅಂತ ಕೇಳಿದ್ದಕ್ಕೆ "ಅಂಗಡಿಯವರನ್ನ ಕೇಳ್ದೆ ಸರ್, ಮಳೆ ಬಂದ್ರೆ ಸೋರುತ್ತೆ ಅಂತಾರೆ, ಆದ್ರೂ ಬೇರೆ ಕಡೆ ಹೋಗಿ ಅಂದ್ರೆ ಬೇಡ ಅಂತಾರೆ, ಇನ್ನೂ ಯೋಚ್ನೆ ಮಾಡ್ತಿದೀನಿ" ಅಂದ್ಳು. ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ, ರಿಪೇರಿ ಕಡೆಗೆ, ಅದನ್ನ ಅವಳಿಗೆ ಹೇಳ್ಲಿಲ್ಲ.

ಈಗ ಅಪ್ಪನ ವಿಷಯಕ್ಕೆ ಬರೋಣ, ಅಸಲಿ ಪ್ರಕರಣ ಇದೇ. ದಸರಾ ಕಳ್ದ ಮೇಲೆ ಒಂದಿನ ಬಂದ್ರು. ಗಟ್ಟಿ ಮನುಷ್ಯ, ಮಾತು ನೇರ.

"ಸಾ, ನಮ್ಮೂರ್ ಮೇಸ್ತ್ರಿ ಒಂದ್ ಕಡ್ಡಿ ತಕಂಡು ನೆಲದ್ ಮ್ಯಾಲೆ ಗೆರೆ ಎಳ್ದು ಅರ್ಧ ಗಂಟೇಲಿ ಪಾಯ ತೋಡುಸ್ತಾನೆ. ಅದ್ನ ಕಲಿಯಾಕೆ ಇವ್ಳು ಐದ್ ವರ್ಸ ಓದ್ಬೇಕಂತೆ. ಇಂಜಿನಿಯರಿಂಗ್ ಆದ್ರೆ ನಾಕೇ ವರ್ಸ. ನೀವೇ ಏಳಿ."

ನಾನು ಅವರಿಗೆ ಮಗಳ ಪ್ರತಿಭೆ, ಕನಸು ಅಂತೆಲ್ಲಾ ಹೇಳೋಕೆ ಹೋಗ್ಲಿಲ್ಲ. ಅವರು ಕೇಳ್ತಿರೋದು ವರ್ಷ, ದುಡ್ಡು, ಆಮೇಲೆ ಕೆಲಸ. ಅದಕ್ಕೆ ಅದರಲ್ಲೇ ಉತ್ತರ ಕೊಡ್ಬೇಕು. ನಿಮ್ಮ ಮಾತಲ್ಲಿ ಪಾಯಿಂಟ್ ಇದೆ ಅಂತ ಮೊದಲು ಒಪ್ಕೊಂಡೆ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಆರ್ಕಿಟೆಕ್ಟ್ ಅಂತ ಹೆಸರು ಹಾಕ್ಕೊಳೋಕೆ ಡಿಗ್ರಿ ಮಾಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರಲ್ಲಿ ರಿಜಿಸ್ಟರ್ ಆಗ್ಬೇಕು, ಆದ್ರೆ ಡಿಸೈನ್ ಕೆಲಸಾನ ಬೇರೆಯವರು ಮಾಡಬಾರದು ಅಂತ ಆ ಆಕ್ಟ್ ತಡೆಯಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅಂದ್ರೆ ನಿಮ್ಮೂರ ಮೇಸ್ತ್ರಿ ಮೇಲೆ ಯಾರೂ ಕೇಸ್ ಹಾಕಲ್ಲ. ಶುರುವಿನ ಸಂಬಳ ಐಟಿ ಹುಡುಗರಿಗೆ ಹೋಲಿಸಿದ್ರೆ ತುಂಬಾ ಕಮ್ಮಿ, ಅವಳ ಕ್ಲಾಸ್‌ಮೇಟ್ ಕಾರ್ ತಗೊಳೋ ಹೊತ್ತಿಗೆ ಇವಳು ಬಸ್ಸಲ್ಲಿ ಸೈಟಿಗೆ ಹೋಗ್ತಿರ್ತಾಳೆ. ಐದು ವರ್ಷದಲ್ಲಿ ಕಮ್ಮಿ ಅಂದ್ರೂ ಒಂದು ಸೆಮಿಸ್ಟರ್ ಆಫೀಸಲ್ಲಿ ಟ್ರೈನಿಂಗ್ ಇರುತ್ತೆ. ಫೀಸ್ ಅಲ್ದೆ ಶೀಟು, ಮೌಂಟ್‌ಬೋರ್ಡು, ಕಟ್ಟರ್ರು, ಪ್ರಿಂಟು, ಲ್ಯಾಪ್‌ಟಾಪು, ಸ್ಟಡಿ ಟೂರು ಅಂತ ಖರ್ಚು ಬರ್ತಾನೇ ಇರುತ್ತೆ, ಇದನ್ನ ಯಾವ ಕಾಲೇಜಿನ ಬ್ರೋಷರಲ್ಲೂ ಹಾಕಲ್ಲ. ಎಲ್ಲಾ ಬಿಡಿಸಿ ಹೇಳ್ದೆ. ಅವರು ಬೀಡಿ ಕಟ್ಟು ತೆಗೆದು ನೋಡಿ ಮತ್ತೆ ಜೇಬಿಗೆ ಇಟ್ಕೊಂಡ್ರು.

"ಮತ್ತೆ ಯಾಕ್ ಸಾ ಓದುಸ್ಬೇಕು?"

ಅವತ್ತು ವಿಜಯನಗರದಲ್ಲಿ ನಮ್ಮ ಒಂದು ಮನೆ ಕೆಲಸ ನಡೀತಿತ್ತು, ಮೋಲ್ಡಿಗೆ, ಅಂದ್ರೆ ಕಾಂಕ್ರೀಟ್ ತಾರಸಿಗೆ, ಕಂಬಿ ಕಟ್ತಿದ್ರು, ಬನ್ನಿ ಅಂತ ಇಬ್ರನ್ನೂ ಕರ್ಕೊಂಡು ಹೋದೆ. ನಮ್ಮ ಆಫೀಸಿನ ಹುಡುಗಿ, ಇನ್ನೂ ಚಿಕ್ಕ ವಯಸ್ಸು, ಸಜ್ಜಾ ಹತ್ರ ನಿಂತು ಕಂಬಿ ಕಟ್ಟೋರ ಜೊತೆ ಜಗಳ ಮಾಡ್ತಿದ್ಳು. ಸಜ್ಜಾದ ಮುಖ್ಯ ಕಂಬಿನ ಕೆಳಗೆ ಕಟ್ಬಿಟ್ಟಿದಾರೆ, ಬಿಚ್ಚಿ ಮೇಲೆ ಕಟ್ಟಿ ಅಂತ. ಗೋಡೆಯಿಂದ ಆಚೆ ಚಾಚಿರೋ ಸಜ್ಜಾ ತನ್ನ ಭಾರಕ್ಕೆ ಕೆಳಗೆ ಬಗ್ಗುತ್ತೆ, ಆಗ ಮೇಲ್ಭಾಗ ಎಳ್ಕೊಳುತ್ತೆ, ಕಾಂಕ್ರೀಟಿಗೆ ಎಳೆತ ತಡೆಯೋ ಶಕ್ತಿ ತೀರಾ ಕಮ್ಮಿ, ಅದಕ್ಕೆ ಕಂಬಿ ಮೇಲಿರ್ಬೇಕು. ಮಾಮೂಲಿ ರೂಮಿನ ಮೋಲ್ಡಲ್ಲಿ ನಡುಭಾಗ ಜಗ್ಗಿ ಕೆಳಗೆ ಎಳ್ಕೊಳುತ್ತೆ ಅಂತ ಅಲ್ಲಿ ಕೆಳಗೆ ಕಟ್ತಾರಲ್ಲ, ಅದೇ ಅಭ್ಯಾಸದಲ್ಲಿ ಸಜ್ಜಾಕ್ಕೂ ಕಟ್ಟೋರಿದಾರೆ. ಸ್ಟ್ರಕ್ಚರಲ್ ಇಂಜಿನಿಯರ್ ಡ್ರಾಯಿಂಗಲ್ಲಿ ಸರಿಯಾಗೇ ಇರುತ್ತೆ, ಸೈಟಲ್ಲಿ ನಿಂತು ಹಿಡಿಯೋರು ಬೇಕು.

ಅಪ್ಪ ಅಷ್ಟು ಹೊತ್ತು ಸುಮ್ನೆ ನಿಂತಿದ್ದೋರು ಹತ್ರ ಹೋಗಿ ಕಂಬಿ ಮುಟ್ಟಿ ನೋಡಿದ್ರು. ಅವರ ಮನೆ ಸಜ್ಜಾ ಕಟ್ಟಿ ಎರಡನೇ ಮಳೆಗಾಲಕ್ಕೇ ಗೋಡೆ ಪಕ್ಕ ಬಿರುಕು ಬಿಟ್ಟಿತ್ತಂತೆ, ಮೇಸ್ತ್ರಿ ಸಿಮೆಂಟ್ ಕಮ್ಮಿ ಆಗಿತ್ತು ಅಂತ ಹೇಳಿ ಮೇಲೆ ಗಾರೆ ಬಳ್ದು ಹೋಗಿದ್ನಂತೆ. "ಇಂಗಾ ವಿಸ್ಯ" ಅಂದ್ರು. ಮಗಳು ಅಲ್ಲೇ ಇದ್ಳು, "ನೋಡಪ್ಪ" ಅಂತ ಅನ್ನೋಕೆ ಬಾಯಿ ತೆಗೆದ್ಳು, ನಾನು ಕಣ್ಣಲ್ಲೇ ಬೇಡ ಅಂದೆ. ಗೆದ್ದೋರು ಸುಮ್ನಿದ್ರೇನೇ ಅಪ್ಪಂದ್ರು ಒಪ್ಕೊಳೋದು.

ಹೆಣ್ಣುಮಗು ಗಾರೆ ಕೆಲಸದೋರ ಮಧ್ಯ ಹೆಂಗೆ ಓಡಾಡ್ತದೆ ಅನ್ನೋ ಭಯ ಅವರಿಗಿತ್ತು, ಬಾಯಿ ಬಿಟ್ಟು ಹೇಳಿರ್ಲಿಲ್ಲ ಅಷ್ಟೇ. ಅಲ್ಲಿ ಆ ಹುಡುಗಿ ಮಾತಿಗೆ ದೊಡ್ಡ ವಯಸ್ಸಿನ ಬಾರ್‌ಬೆಂಡರ್ "ಆಯ್ತಮ್ಮ, ಕಟ್ತೀವಿ" ಅಂತ ಬಿಚ್ಚಿ ಕಟ್ಟಿದ್ದನ್ನ ನೋಡಿದ ಮೇಲೆ ಆ ಪ್ರಶ್ನೆ ಮತ್ತೆ ಬರ್ಲಿಲ್ಲ. ಉಳಿದಿದ್ದು ರಾತ್ರಿ ಲೇಟಾಗೋ ಸ್ಟುಡಿಯೋ ಕೆಲಸ, ಪಿಜಿ ವಿಷಯ. ಮೈಸೂರಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲಿರ್ಲಿ ಅಂತ ಅವ್ವನೇ ಪರಿಹಾರ ಕೊಟ್ರಂತೆ. ಇಡೀ ಪ್ರಕರಣದಲ್ಲಿ ಅವರನ್ನ ನಾನು ನೋಡೇ ಇಲ್ಲ, ಆದ್ರೆ ಮುಖ್ಯವಾದ ತೀರ್ಮಾನ ಎಲ್ಲಾ ಅವರದ್ದೇ ಅಂತ ಅನುಮಾನ.

ಮಾವ ಕೊನೇವರೆಗೂ ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. ಇರ್ಲಿ.

ಪರೀಕ್ಷೆ ವಿಷಯ ಚುಟುಕಾಗಿ ಹೇಳ್ತೀನಿ, ಯಾಕಂದ್ರೆ ಇದರ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ. ನಾಟಾ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಮಾಡೋ ಪರೀಕ್ಷೆ, 200 ಮಾರ್ಕ್ಸು, ಅದರಲ್ಲಿ 80 ಕೈಯಲ್ಲಿ ಬರೆಯೋ ಡ್ರಾಯಿಂಗು, 120 ಕಂಪ್ಯೂಟರ್ ಮುಂದೆ ಕೂತು ಉತ್ತರ ಕೊಡೋದು. 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಸಲದ ತನಕ ಬರೆಯೋಕೆ ಅವಕಾಶ ಇತ್ತು, ಜಾಸ್ತಿ ಬಂದಿದ್ದನ್ನ ತಗೊಳ್ತಾರೆ. ಪಿಯುಸೀಲಿ ಫಿಸಿಕ್ಸ್ ಮ್ಯಾಥ್ಸ್ ಇರಲೇಬೇಕು. ಆರ್ಕಿಟೆಕ್ಚರ್ ಅಂದ್ರೆ ಆರ್ಟ್ ತಾನೆ ಅಂತ ಕಾಮರ್ಸ್ ತಗೊಂಡು ಆಮೇಲೆ ಬಂದು ಅಳೋ ಮಕ್ಕಳನ್ನ ನೋಡಿದೀನಿ, ದಯವಿಟ್ಟು ಹತ್ತನೇ ಕ್ಲಾಸ್ ಆದ ತಕ್ಷಣವೇ ಇದನ್ನ ವಿಚಾರಿಸಿ. ಕರ್ನಾಟಕದಲ್ಲಿ ಕೆಇಎ, ಅಂದ್ರೆ ಅದೇ ಸಿಇಟಿ ಸೆಲ್ಲು, ಸೀಟಿಗೆ ರ‍್ಯಾಂಕ್ ಮಾಡೋವಾಗ ನಾಟಾ ಅರ್ಧ, ಪಿಯುಸಿ ಅರ್ಧ. ಹಾಗಾಗಿ ಡ್ರಾಯಿಂಗ್ ಪ್ರಾಕ್ಟೀಸ್ ಅಂತ ಬೋರ್ಡ್ ಎಗ್ಸಾಮ್ ಬಿಟ್ರೆ ಕೆಡ್ತೀರ. ಸೇರೋ ಕಾಲೇಜಿಗೆ ಕೌನ್ಸಿಲ್ ಅಪ್ರೂವಲ್ ಇದೆಯಾ ಅಂತ ನೋಡ್ಕೊಳ್ಳಿ, ಇಲ್ಲಾಂದ್ರೆ ಡಿಗ್ರಿ ಮುಗ್ಸಿದ್ರೂ ರಿಜಿಸ್ಟ್ರೇಷನ್ ಆಗಲ್ಲ.

ಒಂದು ಕೋಚಿಂಗ್ ಕ್ಲಾಸಿಗೆ ಸೇರಿದ್ಳು, ಅಲ್ಲಿ ಒಂದು ರೈಲ್ವೆ ಸ್ಟೇಷನ್, ಒಂದು ಪಾರ್ಕು, ಒಂದು ಸಂತೆ ಅಂತ ಹತ್ತು ಸೀನುಗಳನ್ನ ಉರು ಹೊಡಿಸ್ತಿದ್ರಂತೆ, ಯಾವ ಪ್ರಶ್ನೆ ಬಂದ್ರೂ ಅದನ್ನೇ ತಿರುಗಿಸಿ ಬರೀರಿ ಅಂತ. ಸಂತೆ ಸೀನಲ್ಲಿ ಯಾರೂ ಕೆಳಗೆ ಕೂತಿರ್ಲಿಲ್ಲ ಸರ್, ಎಲ್ಲಾ ನಿಂತೇ ವ್ಯಾಪಾರ ಮಾಡ್ತಿದ್ರು ಅಂತ ಬಂದು ನಕ್ಕಿದ್ಳು. ಅವಳಿಗೆ ತೊಂದರೆ ಆಗಿದ್ದು ಬೇರೆ ಕಡೆ, ಬಣ್ಣದ ಕಾಂಪೊಸಿಷನ್ನಲ್ಲಿ. ಆಕಾರ ಜೋಡಿಸೋದು ಬರುತ್ತೆ, ಬಣ್ಣ ಹಾಕೋಕೆ ಹೋದ್ರೆ ಎಲ್ಲಾ ಬಣ್ಣನೂ ಬೇಕು ಅವಳಿಗೆ. ಮೊದಲನೇ ಸಲ ಅದರಲ್ಲೇ ಮಾರ್ಕ್ಸ್ ಹೋಯ್ತು. ಎರಡನೇ ಸಲಕ್ಕೆ ಮೂರೇ ಬಣ್ಣ ಅಂತ ತನಗೆ ತಾನೇ ಕಟ್ಟು ಹಾಕ್ಕೊಂಡು ಬರೆದ್ಳು, ಸ್ವಲ್ಪ ಮೇಲೆ ಬಂತು. ಕೊಟ್ಟ ತುಂಡುಗಳಲ್ಲಿ ಮೂರು ಆಯಾಮದ ಮಾಡೆಲ್ ಮಾಡೋ ಪ್ರಶ್ನೆ ಮಾತ್ರ ಎರಡೂ ಸಲ ಸಲೀಸಾಗಿತ್ತಂತೆ. ಕಂಪ್ಯೂಟರ್ ಭಾಗದಲ್ಲಿ ಇಂಗ್ಲಿಷ್ ಪ್ರಶ್ನೆ ಓದಿ ಅರ್ಥ ಮಾಡ್ಕೊಳೋಕೇ ಟೈಮ್ ಹೋಗ್ತಿತ್ತು, ಅದಕ್ಕೆ ಶಾರ್ಟ್‌ಕಟ್ ಇಲ್ಲ, ದಿನಾ ಓದ್ಬೇಕು, ಓದಿದ್ಳು.

ಸೀಟ್ ಸಿಕ್ಕಿದ್ದು ಕೆಇಎ ಮೂಲಕ, ಮೈಸೂರಲ್ಲೇ. ಇಲ್ಲಿ ಅವಳ ಹಳ್ಳಿ ಶಾಲೆ ಕೈ ಹಿಡೀತು. ಒಂದರಿಂದ ಹತ್ತರ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದೋರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದೋರಿಗೆ ಮೀಸಲಾತಿ ಇದೆ, 15 ಪರ್ಸೆಂಟ್ ರೂರಲ್, 5 ಪರ್ಸೆಂಟ್ ಕನ್ನಡ ಮೀಡಿಯಂ. ಸರ್ಟಿಫಿಕೇಟಿಗೆ ಶಾಲೆ ಹೆಡ್‌ಮಾಸ್ಟರ್ ಸೈನ್ ಆದ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸೈನ್ ಬೇಕು, ಅದಕ್ಕೆ ಅವರಪ್ಪ ಕಬ್ಬು ಕಡಿಯೋ ಕೆಲಸ ಬಿಟ್ಟು ಪಾಂಡವಪುರಕ್ಕೆ ಓಡಾಡಿದ್ರು. ಯಾರಿಗೆ ಈ ಮಗಳನ್ನ ಐದು ವರ್ಷ ಓದಿಸೋದು ದಂಡ ಅನ್ನಿಸಿತ್ತೋ ಅವರೇ ಫೈಲ್ ಹಿಡ್ಕೊಂಡು, ಬೇಕಾದ ಕಾಲೇಜು ಆರಿಸಿ ಹಾಕೋ ಆಪ್ಷನ್ ಎಂಟ್ರಿ ಕೊನೇ ದಿನ ಯಾವತ್ತು ಅಂತ ನನಗೆ ಫೋನ್ ಮಾಡ್ತಿದ್ರು.

ಆ ಬ್ಲಾಕ್ಸ್ ಪುಟ ಏನಾಯ್ತು ಅಂತ ಕೇಳಬಹುದು. ಸರ್ಕಾರಿ ಕೌನ್ಸೆಲಿಂಗಲ್ಲಿ ಅದನ್ನ ಯಾರೂ ಕೇಳಲ್ಲ, ಬಳಕೆಗೆ ಬರ್ಲಿಲ್ಲ. ಆದ್ರೂ ಅವಳು ಮತ್ತೆ ಬರೆದು ತಂದು ತೋರಿಸಿದ್ಳು. ಈ ಸಲ ಕನಸು, ಸಮಾಜ, ಸುಸ್ಥಿರ ಯಾವ್ದೂ ಇಲ್ಲ. ಆಲೆಮನೇಲಿ ಒಲೆ ಮುಂದೆ ಕೂರೋ ಆಳು ಮಧ್ಯಾಹ್ನ ಊಟಕ್ಕೆ ಎದ್ದಾಗ ಹಿಂದೆ ಇರೋ ಕಂಬ ಹಿಡ್ಕೊಂಡು ಏಳ್ತಾನೆ, ಆ ಕಂಬದ ಒಂದು ಕಡೆ ಮಾತ್ರ ನುಣ್ಣಗಾಗಿದೆ, ಮೆಟ್ಟಿಲು ಇದ್ದಿದ್ರೆ ಹಾಗೆ ಏಳಬೇಕಾಗಿರ್ಲಿಲ್ಲ, ಮೆಟ್ಟಿಲು ಮಾಡಿದ್ರೆ ರಚ್ಚು ತುಂಬೋಕೆ ಜಾಗ ಸಾಲಲ್ಲ, ಎರಡೂ ಆಗೋ ಹಾಗೆ ಗುಂಡಿ ಎಷ್ಟು ಅಗಲ ಇರ್ಬೇಕು ಅಂತ ನನಗೆ ಗೊತ್ತಿಲ್ಲ, ಅದನ್ನ ತಿಳ್ಕೋಬೇಕು. ಇಷ್ಟೇ, ಒಂದು ಪ್ಯಾರಾ. ಆಮೇಲೆ ಬಂದ ಎಷ್ಟೋ ಮಕ್ಕಳಿಗೆ ಅವಳ ಒಪ್ಪಿಗೆ ತಗೊಂಡು ಅದನ್ನ ತೋರಿಸಿದೀನಿ. ಒಬ್ಬ ಹುಡುಗ ಓದಿ "ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿದೆ ಸರ್" ಅಂದ, ಅವನ ಅಪ್ಪನಿಗೆ ಬೇರೆ ಕೋರ್ಸ್ ಯೋಚ್ನೆ ಮಾಡಿ ಅಂತ ಹೇಳಿ ಕಳಿಸ್ದೆ.

ಕಾಲೇಜು ಶುರುವಾದ ಮೇಲೆ ಎಲ್ಲಾ ಚೆನ್ನಾಗಿದೆ ಅಂತ ಹೇಳೋ ಹಾಗಿಲ್ಲ. ಮಾಡಿದ ಕೆಲಸನ ಮೇಷ್ಟ್ರುಗಳ ಮುಂದೆ ಇಟ್ಟು ಹೇಳೋ ಮೊದಲನೇ ಜ್ಯೂರೀಲಿ ಲೆಟರಿಂಗ್ ಸೊಟ್ಟ ಅಂತ, ಮಾಡೆಲ್ ಅಂಟು ಕಾಣುತ್ತೆ ಅಂತ ಚೆನ್ನಾಗಿ ಬಯ್ಸ್ಕೊಂಡು ಬಂದ್ಳು. ಸಿಟಿ ಮಕ್ಕಳು ಇಂಗ್ಲಿಷಲ್ಲಿ ಪಟಪಟ ಅಂತ ಕಾನ್ಸೆಪ್ಟ್ ಹೇಳ್ತಾರೆ, ಇವಳ ಸರದಿ ಬಂದಾಗ ನಾಲಿಗೆ ಏಳಲ್ಲ. ಸಬ್‌ಮಿಷನ್ ವಾರದಲ್ಲಿ ನಿದ್ದೆ ಇಲ್ಲ, ಚಿಕ್ಕಮ್ಮ ಲೈಟ್ ಆರಿಸು ಅಂತ ಗೊಣಗ್ತಾರೆ. ಬಿಟ್ಟು ಬರ್ಲಾ ಅಂತ ಮಾತ್ರ ಒಂದು ಸಲವೂ ಕೇಳಿಲ್ಲ, ಕೇಳೋದೆಲ್ಲಾ ಬೇರೆ ಥರ, ಸರ್ ಮೆಟ್ಟಿಲಿನ ಎತ್ತರ ಅಗಲಕ್ಕೆ ಲೆಕ್ಕ ಏನು, ವಯಸ್ಸಾದೋರಿಗೆ ಬೇರೆನಾ, ಹೀಗೆ.

ಅವರಪ್ಪ ಈಗ ಆಲೆಮನೆ ಮಾಡು ಬದಲಾಯಿಸ್ಬೇಕು ಅಂತಿದಾರೆ, ಮಗಳೇ ಪ್ಲಾನ್ ಮಾಡ್ಲಿ ಅಂತ ಊರಲ್ಲೆಲ್ಲಾ ಹೇಳ್ಕೊಂಡು ತಿರುಗ್ತಿದಾರಂತೆ. ಅವಳು ಒಪ್ಪಿಲ್ಲ. "ನಂಗಿನ್ನೂ ಸ್ಟ್ರಕ್ಚರ್ ಕ್ಲಾಸ್ ಮುಗ್ದಿಲ್ಲ ಕಣಪ್ಪ, ಇಂಜಿನಿಯರ್ ಕರ್ಸು, ನಾನು ಪಕ್ಕದಲ್ಲಿ ನಿಂತು ನೋಡ್ತೀನಿ" ಅಂದ್ಳಂತೆ. ಲ್ಯಾಪ್‌ಟಾಪ್ ಇನ್ನೂ ತಗೊಂಡಿಲ್ಲ, ಸದ್ಯಕ್ಕೆ ಕೈಯಲ್ಲೇ ಡ್ರಾಯಿಂಗ್ ಆಗಿರೋದ್ರಿಂದ ನಡೀತಿದೆ, ಎರಡನೇ ವರ್ಷಕ್ಕೆ ಬೇಕೇ ಬೇಕು. ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ ಬರ್ಲಿ, ನೋಡಾಣ ಅಂದಿದಾರೆ.